ಸಮಾಂತರ ಗಣನೆಯ ಇತಿಹಾಸದಲ್ಲಿ ಕ್ರಮವಿಧಿಯ ಸ್ಥಾನ

ಭಾರತದ ಮಹಾಗಣಕಗಳ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಯಂತ್ರಗಳ ಚರಿತ್ರೆಯನ್ನೇ ಹೇಳುತ್ತಾರೆ. ೧೯೮೦ರ ದಶಕದಲ್ಲಿ ಅಮೆರಿಕದಿಂದ ಅತಿವೇಗದ ಗಣಕಗಳನ್ನು ತರಿಸಿಕೊಳ್ಳುವುದಕ್ಕೆ ನಿರ್ಬಂಧವುಂಟಾದುದು, ೧೯೮೮ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿದುದು, ೧೯೯೧ರಲ್ಲಿ ‘ಪರಮ್ ೮೦೦೦’ ಸಿದ್ಧವಾದುದು. ಇಲ್ಲಿಗೆ ಕಥೆ ಮುಗಿಯುತ್ತದೆ. ಈ ನಿರೂಪಣೆ ಸುಳ್ಳಲ್ಲ, ಅಪೂರ್ಣವಾದುದು. ಒಂದು ಲೆಕ್ಕವನ್ನು ಅನೇಕ ಪ್ರೊಸೆಸರುಗಳಿಗೆ ಹಂಚಿಕೊಡುವ ಕ್ರಮವಿಧಿಯನ್ನು, ಎಂದರೆ ಇಂದು ನಾವು ತಂತ್ರಾಂಶವೆಂದು ಕರೆಯುವುದನ್ನು, ಹೇಗೆ ಬರೆಯಲಾಯಿತೆಂದು ಕೇಳದೆ ಈ ಚರಿತ್ರೆಯನ್ನು ಬರೆಯಲಾಗದೆಂಬುದು ಪ್ರಕೃತ ಲೇಖನದ ವಾದ.

ಈ ಪ್ರಶ್ನೆ ಮೊದಲು ತೀವ್ರವಾಗಿ ತಲೆದೋರಿದುದು ಅಮೆರಿಕದಲ್ಲಿ. ಇಲಿನಾಯ್ ವಿಶ್ವವಿದ್ಯಾನಿಲಯದ ಡೇನಿಯಲ್ ಸ್ಲಾಟ್ನಿಕ್ ‘ಇಲಿಯಾಕ್ ೪’ ಎಂಬ ಯಂತ್ರಕ್ಕೆ ೨೫೬ ಗಣನಾಂಗಗಳನ್ನು ಉದ್ದೇಶಿಸಿದ್ದನು. ಕಟ್ಟಲಾದುದು ೬೪ ಮಾತ್ರ. ೧೯೭೨ರಲ್ಲಿ ಅದು ನಾಸಾದ ಏಮ್ಸ್ ಕೇಂದ್ರವನ್ನು ಸೇರಿತು. ನೆಚ್ಚಿಕೆಯಿಂದ ಕೆಲಸ ಮಾಡತೊಡಗಲು ೧೯೭೫ ಆಗಬೇಕಾಯಿತು. ಅರುವತ್ತನಾಲ್ಕು ಅಂಗಗಳೂ ಒಂದೇ ಆಜ್ಞೆಯನ್ನು ಏಕಕಾಲದಲ್ಲಿ ಪಾಲಿಸಬೇಕು, ಇಲ್ಲವೆ ಸುಮ್ಮನಿರಬೇಕು. ಹೀಗಾಗಿ ಹಳೆಯ ಫೋರ್ಟ್ರಾನ್ ಕ್ರಮವಿಧಿಗಳು ಇದ್ದ ಹಾಗೆಯೇ ಅಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ಇಲಿನಾಯ್‌ನಲ್ಲಿ ಒಂದು, ಏಮ್ಸ್‌ನಲ್ಲಿ ಮತ್ತೊಂದು ಎಂದು ಹೊಸ ಭಾಷೆಗಳನ್ನೇ ರಚಿಸಬೇಕಾಯಿತು. ಯಂತ್ರ ಇನ್ನೂ ನಿರ್ಮಾಣದಲ್ಲಿದ್ದಾಗಲೇ, ೧೯೬೭ರಲ್ಲಿ, ಜೀನ್ ಆಮ್ಡಾಲ್ ಒಂದು ಸಮ್ಮೇಳನದಲ್ಲಿ ತನ್ನ ಪ್ರಸಿದ್ಧ ಆಕ್ಷೇಪವನ್ನು ಮಂಡಿಸಿದ್ದನು. ಲೆಕ್ಕದ ಹತ್ತನೆಯ ಒಂದು ಪಾಲು ಒಂದರ ಹಿಂದೊಂದಾಗಿ ನಡೆಯಲೇಬೇಕಾದುದಾದರೆ, ಸಾವಿರ ಪ್ರೊಸೆಸರುಗಳಿದ್ದರೂ ವೇಗ ಹತ್ತು ಪಟ್ಟನ್ನು ಮೀರದು. ಇದನ್ನು ಸಮಾಂತರ ಗಣನೆಯ ಖಂಡನೆಯೆಂದು ಬಹುಮಂದಿ ಓದಿದರು. ನನಗೆ ತೋರುವ ಮಟ್ಟಿಗೆ ಅದರ ಫಲಿತಾರ್ಥ ಬೇರೆ: ಆ ಹತ್ತನೆಯ ಪಾಲನ್ನು ಕುಗ್ಗಿಸುವ ಭಾರವೆಲ್ಲ ಇನ್ನು ಕ್ರಮವಿಧಿಯನ್ನು ಬರೆಯುವವನ ಮೇಲೆ ಬಿದ್ದಿತು.

ಮುಂದಿನ ಇಪ್ಪತ್ತು ವರ್ಷಗಳಲ್ಲಿ ತಯಾರಕರು ತಮತಮಗೆ ತೋಚಿದ ರೀತಿಯ ಯಂತ್ರಗಳನ್ನು ಮಾಡಿದರು. ಒಂದಕ್ಕೆ ಬರೆದುದು ಇನ್ನೊಂದರಲ್ಲಿ ನಡೆಯುತ್ತಿರಲಿಲ್ಲ. ಪ್ರೊಸೆಸರುಗಳು ಪರಸ್ಪರ ಸಂದೇಶ ಕಳುಹಿಸುವ ರೀತಿಗೆ ೧೯೯೪ರಲ್ಲಿ ‘ಎಂ.ಪಿ.ಐ.’ ಎಂಬ ಸಮಾನ ನಿಯಮ ಪ್ರಕಟವಾದ ಮೇಲೆ ಈ ತೊಡಕು ಬಹುಮಟ್ಟಿಗೆ ಪರಿಹಾರವಾಯಿತು. ಯಂತ್ರ ಹಳತಾಗಿ ಮೂಲೆ ಸೇರಿದರೂ ಅದಕ್ಕೆಂದು ಬರೆದ ಕ್ರಮವಿಧಿ ಉಳಿಯುವುದು ಸಾಧ್ಯವಾಯಿತು. ತಂತ್ರಾಂಶದ ಪಾಲು ಎಷ್ಟೆಂಬುದಕ್ಕೆ ೨೦೨೦ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೈಸರ್ಸನ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ ಕಣ್ಣು ತೆರೆಸುವಂತಹುದು. ೪೦೯೬ ಸಾಲು, ೪೦೯೬ ಕಂಬಗಳ ಎರಡು ಮಾತೃಕೆಗಳನ್ನು ಗುಣಿಸಲು ಪೈಥಾನಿನಲ್ಲಿ ಸರಳವಾಗಿ ಬರೆದ ಕ್ರಮವಿಧಿಗೆ ಸುಮಾರು ೭ ಗಂಟೆ ಹಿಡಿಯಿತು. ಅದೇ ಯಂತ್ರದಲ್ಲಿ, ಅದರ ಹದಿನೆಂಟು ಪ್ರೊಸೆಸರುಗಳನ್ನೂ ಸ್ಮೃತಿಯ ರಚನೆಯನ್ನೂ ಅರಿತು ಬರೆದಾಗ ಸಾಕಾದುದು ೦.೪೧ ಸೆಕೆಂಡು!

ಇನ್ನು ಬೆಂಗಳೂರಿನ ನಿದರ್ಶನ. ‘ಪರಮ್’‌ಗಿಂತ ಮುಂಚೆ, ೧೯೮೬ರಲ್ಲಿಯೇ, ಇಲ್ಲಿಯ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ನಾಲ್ಕು ಪ್ರೊಸೆಸರುಗಳ ‘ಫ್ಲೋಸಾಲ್ವರ್’ ರೂಪುಗೊಂಡಿತು. ಅದನ್ನು ಕಟ್ಟಿದವರಿಗೆ ಬೇಕಾಗಿದ್ದುದು ಗಣಕವಲ್ಲ, ದ್ರವಗಳ ಹರಿವನ್ನು ಕುರಿತ ಸಮೀಕರಣಗಳ ಉತ್ತರ; ಹೆಸರೇ ಅದನ್ನು ಸಾರುತ್ತದೆ. ಲೆಕ್ಕ ಮೊದಲು, ಯಂತ್ರ ಆಮೇಲೆ. ದೆಹಲಿಯಲ್ಲಿ ಅಮೆರಿಕದ ಕ್ರೇ ಗಣಕದ ಮೇಲೆ ನಡೆಯುತ್ತಿದ್ದ ‘ಟಿ-೮೦’ ಎಂಬ ಹವಾಮಾನ ಮಾದರಿಯನ್ನು ೧೯೯೦ರ ದಶಕದಲ್ಲಿ ಫ್ಲೋಸಾಲ್ವರಿಗೆ ಅಳವಡಿಸಲಾಯಿತು. ಒಂದೊಂದು ಪ್ರೊಸೆಸರಿಗೆ ಕೆಲವು ಅಕ್ಷಾಂಶ ವೃತ್ತಗಳನ್ನು ಒಪ್ಪಿಸಿದರೆ ಮಳೆ, ಮೋಡ, ಬಿಸಿಲಿನ ಲೆಕ್ಕ ಬೇರೆಬೇರೆಯಾಗಿಯೇ ಸಾಗುತ್ತದೆ. ಆದರೆ ಈ ಮಾದರಿಯ ಗಣಿತದಲ್ಲಿ ಪ್ರತಿಯೊಂದು ಹೆಜ್ಜೆಗೂ ಎಲ್ಲ ಅಕ್ಷಾಂಶಗಳ ಪಾಲುಗಳನ್ನು ಕೂಡಿಸಿ ಮೊತ್ತವನ್ನು ಎಲ್ಲರಿಗೂ ಹಿಂದಿರುಗಿಸಬೇಕಾಗುತ್ತದೆ. ಕಾಲ ವ್ಯಯವಾಗುವುದು ಇಲ್ಲಿಯೇ. (ಕೂಡಿಸುವ ಕ್ರಮ ಬದಲಾದರೆ ಉತ್ತರದ ಕೊನೆಯ ಅಂಕಿಗಳೂ ಬದಲಾಗಬಹುದು, ಹವಾಮಾನದಲ್ಲಿ ಇದು ಅಲ್ಪ ಸಂಗತಿಯಲ್ಲ.) ತರುವಾಯ ಆ ಕ್ರಮವಿಧಿಯನ್ನು ಹೊಸದಾಗಿ ಬರೆದು ‘ವರ್ಷಾ’ ಎಂಬ ಮಾದರಿಯನ್ನು ಸಿದ್ಧಪಡಿಸಿದರು. ಮುಂದಿನ ಫ್ಲೋಸಾಲ್ವರಿಗಾಗಿ ನಿರ್ಮಿಸಿದ ‘ಫ್ಲೋಸ್ವಿಚ್’ ಎಂಬ ಸಾಧನವಾದರೋ, ಸಂದೇಶಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವಾಗಲೇ ಅವುಗಳಲ್ಲಿನ ಸಂಖ್ಯೆಗಳನ್ನು ಕೂಡಿಸಿಬಿಡುತ್ತಿತ್ತು. ಕ್ರಮವಿಧಿ ತಡೆದು ನಿಲ್ಲುತ್ತಿದ್ದ ಎಡೆಯನ್ನು ಕಂಡುಕೊಂಡು ಯಂತ್ರವನ್ನು ಅಲ್ಲಿಗೆ ಹೊಂದಿಸಿದ ಉದಾಹರಣೆ ಇದು. ಇಂತಹ ಯಂತ್ರವನ್ನು ಅದರ ಪ್ರೊಸೆಸರುಗಳ ಸಂಖ್ಯೆಯಿಂದ ಮಾತ್ರ ವರ್ಣಿಸಿದರೆ ಅದನ್ನು ಏಕೆ ಹಾಗೆ ಕಟ್ಟಿದರೆಂಬುದು ಓದುಗನಿಗೆ ತಿಳಿಯುವುದೇ ಇಲ್ಲ.