ಅರವತ್ತಕ್ಕೆ ಅರಳುಮರಳೇ?

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಬೇಸಿಗೆಯ ಮೊದಲ ಮಳೆಗೆ ಹೂಮಳೆ ಎಂದೇ ಹೆಸರು. ಅದು ಬಿದ್ದು ವಾರ–ಹತ್ತು ದಿನಗಳಲ್ಲಿ ತೋಟಗಳು ಬೆಳ್ಳಗೆ ಅರಳಿ ನಿಲ್ಲುತ್ತವೆ. ಅರಳುವುದು ಅಲ್ಲಿ ಶುಭದ ಮಾತು. ಆದರೆ ತೋಟದ ಮನೆಯ ಜಗಲಿಯಲ್ಲಿ ಕುಳಿತ ಹಿರಿಯರು ಆಗತಾನೆ ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ ಹೊರಡುವ ಮಾತು ಬೇರೆ: ‘ಅಜ್ಜಯ್ಯನಿಗೆ ಅರಳುಮರಳು, ಬಿಡಿ.’

ಈ ಅರಳಿಗೂ ಹೂವಿಗೂ ನಂಟಿದೆಯೇ? ಮಾತಿನ ತಿರುಳು ಇರುವುದು ಅದರ ಎರಡನೆಯ ಭಾಗದಲ್ಲಿ. ‘ಅರುಳುಮರುಳು’ ಎಂಬ ಇನ್ನೊಂದು ರೂಪ ಇದನ್ನು ಸ್ಪಷ್ಟಪಡಿಸುತ್ತದೆ. ಮರುಳು ಎಂದರೆ ಭ್ರಮೆ, ಹುಚ್ಚು. ಹಳಗನ್ನಡದಲ್ಲಿ ದೆವ್ವ ಎಂಬ ಅರ್ಥವೂ ಉಂಟು. ಮರುಳಾಗು, ಮರುಳುಮಾಡು ಎಂಬ ಬಳಕೆಗಳು ಇಂದಿಗೂ ಇವೆ. ‘ಅರುಳು’ ಎಂಬುದು ಅದಕ್ಕೆ ಪ್ರಾಸವಾಗಿ ಬಂದು ಸೇರಿದ್ದು ಎನ್ನಬಹುದು. ಅಕ್ಕಪಕ್ಕ, ಅದಲುಬದಲು ಎಂಬ ಜೋಡಿಗಳ ಅಚ್ಚು ಇದೇ. ಕಾಲಕ್ರಮದಲ್ಲಿ ನಾಲಿಗೆ ಅದನ್ನು ‘ಅರಳುಮರಳು’ ಮಾಡಿತು. ಅರಳುವುದು, ಮರಳಿ ಬರುವುದು ಎಂಬ ಚೆಲುವಾದ ಅರ್ಥವೂ ಜೊತೆಗೂಡಿತು.

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆಗೆ ಈ ಎರಡನೆಯ ಅರ್ಥವೂ ಒಪ್ಪುತ್ತದೆ. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು ಅರವತ್ತು. ಅವು ಒಂದು ಸುತ್ತು ಮುಗಿದಾಗ ಹುಟ್ಟಿದ ಸಂವತ್ಸರವೇ ಮರಳಿ ಬರುತ್ತದೆ. ಷಷ್ಟಿಪೂರ್ತಿ ಶಾಂತಿಯ ಸಂಭ್ರಮ ಅದಕ್ಕಾಗಿಯೇ. ವರಕವಿ ಬೇಂದ್ರೆಯವರು ಅರವತ್ತರ ಆಸುಪಾಸಿನಲ್ಲಿ ಹೊರತಂದ ಕವನ ಸಂಗ್ರಹದ ಹೆಸರೂ ‘ಅರಳು ಮರಳು’. ಅದಕ್ಕೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು 1991ರಲ್ಲಿ ‘ಇಗೋ ಕನ್ನಡ’ ಅಂಕಣ ಆರಂಭಿಸಿದಾಗ ಎಂಬತ್ತರ ಹೊಸ್ತಿಲಲ್ಲಿದ್ದರು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ.

ಗಾದೆ ಹುಟ್ಟಿದ ಕಾಲವೇ ಬೇರೆ. ಸ್ವಾತಂತ್ರ್ಯ ಬಂದ ಹೊತ್ತಿಗೂ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಅದು 70ರ ಆಸುಪಾಸಿನಲ್ಲಿದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ, ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಶೇ. 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ. ಉಳಿದವರು, ಎಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ, ಅದರಿಂದ ಮುಕ್ತರು. ಹಾಗಾಗಿ ಇದು ವಯಸ್ಸಿನ ಸಹಜ ಗುಣವಲ್ಲ, ಮಿದುಳಿನ ಕಾಯಿಲೆ. ಜರ್ಮನಿಯ ವೈದ್ಯ ಆಲ್‌ಝೈಮರ್ 1906ರಲ್ಲಿ ವಿವರಿಸಿದ ರೋಗಿಗೆ ಕಾಯಿಲೆ ಕಾಣಿಸಿಕೊಂಡಾಗ ಇನ್ನೂ ಅರವತ್ತೂ ಆಗಿರಲಿಲ್ಲ.

ಮರೆವೆಲ್ಲ ಈ ಕಾಯಿಲೆಯೇ ಆಗಬೇಕಿಲ್ಲ. ಥೈರಾಯಿಡ್ ದೋಷ, ಬಿ12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಬುದ್ಧಿ ಮಂಕಾಗುತ್ತದೆ. ಚಿಕಿತ್ಸೆಯಿಂದ ಎಷ್ಟೋ ವೇಳೆ ಸುಧಾರಿಸುತ್ತದೆ. ಆಲ್‌ಝೈಮರ್ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಮದ್ದು ಇಲ್ಲವಾದರೂ, ಬೇಗ ಗೊತ್ತಾದರೆ ಆರೈಕೆಯ ಏರ್ಪಾಡು ಸಾಧ್ಯ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದರ ತಪಾಸಣೆ, ಚಿಕಿತ್ಸೆಗಳಿವೆ.

ಕಾಫಿ ಸೀಮೆಯಲ್ಲಿ ಈ ತಿಳಿವಳಿಕೆಯ ಅಗತ್ಯ ಇನ್ನೂ ಹೆಚ್ಚು. ಒಂದು ಮನೆಯಿಂದ ಇನ್ನೊಂದು ಮನೆಗೆ ನಡುವೆ ತೋಟ, ಹಳ್ಳ. ಮಕ್ಕಳು ಬೆಂಗಳೂರಿನಲ್ಲಿ, ವೃದ್ಧ ದಂಪತಿ ಮಾತ್ರ ಊರಿನಲ್ಲಿ. ಫೋನಿನಲ್ಲಿ ಹಳೆಯ ಮಾತೆಲ್ಲ ಸರಿಯಾಗಿಯೇ ಬರುತ್ತದೆ. ಔಷಧಿಯನ್ನು ಎರಡು ಸಲ ನುಂಗಿದ್ದು, ಒಲೆ ಆರಿಸಲು ಮರೆತದ್ದು ದೂರದವರಿಗೆ ತಿಳಿಯುವುದಿಲ್ಲ. ಐವತ್ತು ವರ್ಷ ಓಡಾಡಿದ ತೋಟದಲ್ಲೇ ಯಜಮಾನರು ದಾರಿ ತಪ್ಪಿದ ದಿನವೂ ಆಳುಕಾಳುಗಳು ಅರಳುಮರಳೆಂದು ನಕ್ಕು ಕೈಹಿಡಿದು ಕರೆತಂದರೆ, ವೈದ್ಯರ ಬಳಿ ಹೋಗುವುದು ಇನ್ನೊಂದು ವರ್ಷ ಮುಂದಕ್ಕೆ ಹೋಗುತ್ತದೆ.

ಅರಳುಮರಳು ಎಂಬ ಮಾತಿನಲ್ಲಿ ನಿಂದೆಗಿಂತ ಸಲಿಗೆ, ಸಹನೆ ಹೆಚ್ಚು. ಅದು ಉಳಿಯಬೇಕಾದ ಮಾತೇ. ಅದರ ಬೆನ್ನಿಗೆ ಬರುವ ‘ಬಿಡಿ’ ಎಂಬುದನ್ನು ಮಾತ್ರ ಬಿಡಬೇಕಾಗಿದೆ.