ಬೆಳ್ಳೂರಿನ ಹುಡುಗ, ಪುಣೆಯ ಕುರ್ಚಿ

ಎದೆ ಭಾರವಾಯಿತು, ಹೊಟ್ಟೆ ಉರಿಯಿತು, ಕರುಳು ಚುರುಕ್ ಎಂದಿತು, ಕೈಕಾಲು ತಣ್ಣಗಾಯಿತು, ಗಂಟಲು ಕಟ್ಟಿತು. ನಮ್ಮ ಹಿರಿಯರಿಗೆ ದುಃಖ, ಅಸೂಯೆ, ಮರುಕ, ಭಯಗಳೆಲ್ಲ ಮೈಯ ಯಾವುದಾದರೊಂದು ಜಾಗದಲ್ಲಿಯೇ ಆಗುತ್ತಿದ್ದವು. ಊರು ಬಿಟ್ಟು ಪುಣೆಗೆ ಬಂದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಎರಡು ದಶಕ ಕುರ್ಚಿ ಸವೆಸಿದ ನಮಗೆ ಅವೆಲ್ಲಕ್ಕೂ ಸೇರಿ ಒಂದೇ ಪದ ಉಳಿದಿದೆ: ಟೆನ್ಷನ್. ಅದು ಎಲ್ಲಿದೆಯೆಂದು ಕೇಳಿದರೆ ಬೆರಳಿಟ್ಟು ತೋರಿಸಲು ಬಾರದು. ಕೆಲವು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡ ಸುದ್ದಿ ಬಂದಾಗ ನಾವು ಕೈಯಲ್ಲಿದ್ದ ಕಡತದ ಟಿಪ್ಪಣಿ ಮುಗಿಸಿ, ರಜೆಯ ಅರ್ಜಿ ಬರೆದಿಟ್ಟು, ರಾತ್ರಿಯ ಬಸ್ಸು ಹತ್ತಿದೆವು. ಹದಿಮೂರು ದಿನವೂ ಅಳು ಬರಲಿಲ್ಲ. ಬಂಧುಗಳು ಅದನ್ನು ಧೈರ್ಯವೆಂದರು. ನಾವೂ ಹಾಗೆಂದೇ ನಂಬಲು ಯತ್ನಿಸಿದೆವು.

ಮೈಮನಸ್ಸುಗಳ ನಡುವಿನ ಈ ಅಗಲಿಕೆಯ ಬಗೆಗೆ ಯೋಚಿಸುವಾಗಲೆಲ್ಲ, ನಮಗಿಂತ ಬಹಳ ಮೊದಲು ಇದೇ ನಗರಕ್ಕೆ ಬಂದ ಕರ್ನಾಟಕದ ಇನ್ನೊಬ್ಬರ ಚರಿತ್ರೆ ನೆನಪಾಗುತ್ತದೆ. ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ ಜನಿಸಿದ್ದು 1918ರ ಡಿಸೆಂಬರ್ 14ರಂದು, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ. ಇನ್‌ಫ್ಲುಯೆಂಜಾ ಮಹಾಮಾರಿ ದೇಶವನ್ನು ಆವರಿಸಿದ್ದ ವರ್ಷವದು. ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಒಂದರ ಹಿಂದೊಂದು ಬಂದವು. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯೂ ಇಲ್ಲವಾದರು. ತೆಳ್ಳನೆಯ ಕೈಕಾಲು, ಎತ್ತಲಾರದ ತಲೆ: ಆ ಹುಡುಗನಿಗೆ ದೇಹವೆಂದರೆ ಹೊರಬೇಕಾದ ಹೊರೆಯಾಗಿತ್ತು.

1934ರಲ್ಲಿ ಆತ ಮೈಸೂರಿನ ಅಕ್ಕನ ಮನೆ ಸೇರಿದ. ಭಾವನವರಾದ ತಿರುಮಲೈ ಕೃಷ್ಣಮಾಚಾರ್ಯರು ಆಗ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದರು. ಅವರ ‘ಯೋಗ ಮಕರಂದ’ ಕನ್ನಡದಲ್ಲಿ ಹೊರಬಂದದ್ದೂ ಅದೇ ವರ್ಷ. ಮರೆಯಾಗುತ್ತಿದ್ದ ವಿದ್ಯೆಗೆ ಜನಮನ್ನಣೆ ದೊರಕಿಸಬೇಕಾಗಿದ್ದ ಕಾಲವಾದ್ದರಿಂದ ಸಾರ್ವಜನಿಕ ಪ್ರದರ್ಶನಗಳಿಗೆ ಹೆಚ್ಚಿನ ಮಹತ್ವವಿತ್ತು. ರೋಗಿಷ್ಠ ಹುಡುಗನ ಮೇಲೆ ಗುರುಗಳಿಗೆ ಭರವಸೆಯಿರಲಿಲ್ಲ. ಮನೆಯಲ್ಲಿದ್ದ ಮೆಚ್ಚಿನ ಶಿಷ್ಯ ಹೇಳದೆ ಕೇಳದೆ ಹೊರಟುಹೋದ ಮೇಲೆಯೇ ಅವನ ಜಾಗದಲ್ಲಿ ಇವನನ್ನು ನಿಲ್ಲಿಸಿದರು. ಶಿಕ್ಷಣ ಕಠೋರವಾಗಿತ್ತು. ಬಾಗದ ಮೈಯನ್ನು ಬಾಗಿಸಲಾಯಿತು. ಅದಕ್ಕೆ ನೋವಾಯಿತೇ ಎಂದು ಕೇಳುವ ಪದ್ಧತಿ ಇರಲಿಲ್ಲ.

1937ರಲ್ಲಿ ಅಯ್ಯಂಗಾರರು ಆರು ತಿಂಗಳ ಮಟ್ಟಿಗೆಂದು ಪುಣೆಗೆ ಬಂದರು. ಡೆಕ್ಕನ್ ಜಿಮ್ಖಾನಾದಲ್ಲಿ ಯೋಗ ಕಲಿಸುವುದು ಅವರ ಕೆಲಸ. ವಯಸ್ಸು ಹದಿನೆಂಟು, ಎಷ್ಟೋ ಶಿಷ್ಯರು ಗುರುವಿಗಿಂತ ದೊಡ್ಡವರು. ಮರಾಠಿ ಬಾರದು, ಇಂಗ್ಲಿಷ್ ಅಷ್ಟಕ್ಕಷ್ಟೆ. ಅರೆಹೊಟ್ಟೆಯ ದಿನಗಳೂ ಇದ್ದವು. ನಮಗೆ ತೋರುವಂತೆ, ಅವರ ಜೀವನದ ತಿರುವು ಇರುವುದು ಇಲ್ಲಿಯೇ. ವಿವರಿಸಲು ಮಾತಿಲ್ಲದವನು ನೋಡಲು ಕಲಿಯಬೇಕು. ಕೇಳಲು ಗುರು ಹತ್ತಿರವಿಲ್ಲದವನು ತನ್ನ ಮೈಯನ್ನೇ ಕೇಳಬೇಕು. ಎಡ ಹಿಮ್ಮಡಿಯ ಮೇಲೆ ಭಾರ ಬಿದ್ದರೆ ಬಲ ಭುಜದಲ್ಲಿ ಏನಾಗುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ದಿನಕ್ಕೆ ಹಲವು ತಾಸು ತಮ್ಮ ಮೈಯಲ್ಲೇ ಹುಡುಕಿದರು. ರಸ್ತೆಬದಿಯ ಇಟ್ಟಿಗೆ ಕಲ್ಲುಗಳನ್ನೇ ಆಸರೆ ಮಾಡಿಕೊಂಡರು.

1952ರಲ್ಲಿ ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುಂಬಯಿಗೆ ಬಂದಿದ್ದಾಗ ಇಬ್ಬರ ಭೇಟಿಯಾಯಿತು. ದಣಿದು ನಿದ್ದೆಗೆಟ್ಟಿದ್ದ ಆ ಕಲಾವಿದರಿಗೆ ಅಯ್ಯಂಗಾರರು ಕಷ್ಟದ ಆಸನವನ್ನೇನೂ ಹೇಳಿಕೊಡಲಿಲ್ಲ, ಅಂಗಾತ ಮಲಗಿಸಿದರು. ಮೆನುಹಿನ್ ನಿದ್ದೆಹೋದರು. 1966ರ ‘ಲೈಟ್ ಆನ್ ಯೋಗ’ಕ್ಕೆ ಮುನ್ನುಡಿ ಬರೆದದ್ದು ಅವರೇ. ಆ ಗ್ರಂಥದ ನೂರಾರು ಚಿತ್ರಗಳು ಜಗತ್ತಿನ ಗಮನ ಸೆಳೆದವು. ಆದರೆ ಲೋಕವೇ ಬೆರಗಾದ ಆ ಚಿತ್ರಗಳಿಗಿಂತ, ನಿದ್ದೆಹೋದ ಆ ಗಳಿಗೆಯೇ ನಮಗೆ ಹೆಚ್ಚು ಅರ್ಥಪೂರ್ಣವೆನಿಸುತ್ತದೆ.

1973ರಲ್ಲಿ ಪತ್ನಿ ರಮಾಮಣಿ ತೀರಿಕೊಂಡರು. ಗಂಡನಿಂದ ಯೋಗ ಕಲಿತು, ಅವರ ಅಭ್ಯಾಸವನ್ನು ತಿದ್ದಲು ನೆರವಾಗುತ್ತಿದ್ದವರು ಅವರು. 1975ರ ಜನವರಿಯಲ್ಲಿ ಪುಣೆಯಲ್ಲಿ ಆರಂಭವಾದ ಸಂಸ್ಥೆಗೆ ಅವರ ಹೆಸರನ್ನೇ ಇಡಲಾಯಿತು. 1979ರಲ್ಲಿ, ಅರವತ್ತು ದಾಟಿದ್ದ ಅಯ್ಯಂಗಾರರು ಸ್ಕೂಟರ್ ಅಪಘಾತಕ್ಕೆ ಸಿಲುಕಿ ಭುಜ, ಬೆನ್ನು, ಮಂಡಿಗಳಿಗೆ ಪೆಟ್ಟು ಮಾಡಿಕೊಂಡರು. ಅವರು ಮತ್ತೆ ಮೊದಲಿನಿಂದ ಶುರುಮಾಡಿದರು. ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಮಡಿಸಿದ ಕಂಬಳಿ, ಮಡಚುವ ಕಬ್ಬಿಣದ ಕುರ್ಚಿ: ಮನೆಯಲ್ಲೂ ಕಚೇರಿಯಲ್ಲೂ ಕಾಣುವ ವಸ್ತುಗಳೇ ಅವರ ಕೈಯಲ್ಲಿ ಸಾಧನಗಳಾದವು. ಮುದುಕರು, ರೋಗಿಗಳು, ಬಿಗಿದ ಮೈಯವರು ಅವುಗಳ ಆಸರೆಯಲ್ಲಿ ಆಸನ ಮಾಡತೊಡಗಿದರು.

ಅವರನ್ನು ಸಂತರನ್ನಾಗಿಸುವ ಅಗತ್ಯವಿಲ್ಲ. ತಾವು ಉಂಡ ಕಠೋರತೆಯನ್ನು ಶಿಷ್ಯರಿಗೂ ಬಡಿಸಿದವರು; ಗದರಿಕೆ, ಪೆಟ್ಟುಗಳಿಗೂ ಹೆಸರಾದವರು. ಪ್ರದರ್ಶನದ ಯೋಗವನ್ನೂ ಅವರು ಬಿಟ್ಟವರಲ್ಲ. ಆದರೂ 2014ರ ಆಗಸ್ಟ್ 20ರಂದು ಇದೇ ನಗರದಲ್ಲಿ ಮುಗಿದ ಆ ದೀರ್ಘ ಬದುಕು ನಮಗೆ ಒಂದು ಮಾತನ್ನು ಕಲಿಸುತ್ತದೆ. ಮೈಯ ಅರಿವಿಗೆ ಒಳ್ಳೆಯ ಮೈ ಬೇಕಾಗಿಲ್ಲ. ಕಾಡುವ, ನೋಯುವ, ಮಾತು ಕೇಳದ ಮೈಯೇ ಸಾಕು. ಅದರ ಮೇಲೆ ಗಮನವಿಟ್ಟು, ಅದಕ್ಕೊಂದು ಆಸರೆ ಕೊಡಬೇಕು.

ನೆರೆಮನೆಯವರ ಒತ್ತಾಯಕ್ಕೆ ನಾವೂ ಚಿಕ್ಕದೊಂದು ತರಗತಿಗೆ ಸೇರಿದೆವು. ತಂದೆಯವರು ಹೋಗಿ ಎರಡು ವರ್ಷವಾಗಿತ್ತು. ಒಂದು ಸಂಜೆ ಕುರ್ಚಿಯ ಮೇಲೆ ಬೆನ್ನು ಹಿಂದಕ್ಕೆ ಬಾಗಿಸಿ, ತಲೆಯ ಕೆಳಗೆ ಕಂಬಳಿಯ ಆಸರೆಯಿಟ್ಟು, ಎದೆ ತೆರೆದು ಮಲಗಿಸಿದ್ದರು. ಹಗಲೆಲ್ಲ ನಾವು ಮೇಜಿನತ್ತ ಬಾಗಿ ಕೂರುವಂಥದ್ದೇ ಕುರ್ಚಿ. ಮೊದಲು ಪಕ್ಕೆಲುಬಿನ ಕೆಳಗೆ ಏನೋ ಸಡಿಲವಾಯಿತು; ಆಮೇಲೆ ಗಂಟಲು ಕಟ್ಟಿತು. ಕಣ್ಣೀರು ಕಿವಿಯತ್ತ ಇಳಿಯಿತು. ಕಲಿಸುವವರು ಏನೂ ಕೇಳಲಿಲ್ಲ. ಕಾಲಿನ ಮೇಲೆ ಇನ್ನೊಂದು ಕಂಬಳಿ ಹೊದಿಸಿ ಮುಂದೆ ಹೋದರು.

ಆ ರಾತ್ರಿ ಊರಿಗೆ ಫೋನು ಮಾಡಿ ಅಮ್ಮನೊಡನೆ ಮಾತನಾಡಿದೆವು. ಹೇಗಿದ್ದೀ ಎಂದು ಅಮ್ಮ ಕೇಳಿದರು. ಎದೆ ಭಾರವಾಗಿದೆ ಎಂದೆವು. ಬಹಳ ವರ್ಷಗಳ ಮೇಲೆ ಆ ಮಾತು ನಮ್ಮ ಬಾಯಿಂದ ಬಂದಿತ್ತು.