ಹೈಬ್ರಿಡ್ ಕಾರಿನ ಬ್ರೇಕು ಮತ್ತು ಮಳೆ

ಹೈಬ್ರಿಡ್ ಕಾರಿನಲ್ಲಿ ಬ್ರೇಕು ಎರಡು ಬಗೆಯದು. ಪೆಡಲನ್ನು ಮೆಲ್ಲಗೆ ಒತ್ತಿದಾಗ ಮೋಟಾರೇ ಜನರೇಟರಾಗಿ ಚಕ್ರದ ವೇಗ ತಗ್ಗಿಸುತ್ತದೆ. ಹುಟ್ಟಿದ ವಿದ್ಯುತ್ತು ಬ್ಯಾಟರಿ ಸೇರುತ್ತದೆ. ಜೋರಾಗಿ ಒತ್ತಿದರೆ, ಇಲ್ಲವೇ ಕಾರು ಇನ್ನೇನು ನಿಲ್ಲಬೇಕು ಎಂಬಾಗ, ಬ್ರೇಕ್ ಆಯಿಲ್‌ನ ಒತ್ತಡಕ್ಕೆ ಪ್ಯಾಡುಗಳು ಡಿಸ್ಕನ್ನು ಹಿಡಿಯುತ್ತವೆ. ಕೆಲಸ ಮೋಟಾರಿನಿಂದ ಪ್ಯಾಡಿಗೆ ದಾಟುವ ಗಳಿಗೆಯೇ ನಾಜೂಕಿನದು. ಈ ಬ್ರೇಕಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಆ ಗಳಿಗೆ ಚಾಲಕನ ಕಾಲಿಗೆ ಗೊತ್ತಾಗದಂತೆ ಮಾಡಿದ ಚರಿತ್ರೆ.

ಒದ್ದೆ ನೆಲದಲ್ಲಿ ಚಕ್ರ ಬಿಗಿದು ಜಾರದಂತೆ ತಡೆಯುವ ವಿದ್ಯೆ (ಎಬಿಎಸ್) ಮೊದಲು ಬಳಕೆಗೆ ಬಂದದ್ದು ವಿಮಾನಗಳಲ್ಲಿ. ಬ್ರಿಟನ್ನಿನ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಸಾಧನ 1950ರ ದಶಕದ್ದು. ವಾಯುಪಡೆಯ ತರಬೇತಿ ವಿಮಾನಗಳ ಸದ್ದು ಕೇಳುತ್ತಲೇ ಇರುವ ಬೀದರಿನ ಚಿದ್ರಿಯವರಿಗೆ ಈ ನಂಟು ವಿಚಿತ್ರವೆನಿಸದು. ಬಾಷ್ ಕಂಪನಿಯ ಎಬಿಎಸ್ 1978ರಲ್ಲಿ ಮರ್ಸಿಡಿಸ್ ಕಾರುಗಳಿಗೆ ಬಂತು. ಭಾರತದಲ್ಲಿ ಅದು ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ.

ಬ್ರೇಕಿನಿಂದ ಕರೆಂಟು ಮರಳಿ ಪಡೆಯುವ ಉಪಾಯ ಕರ್ನಾಟಕಕ್ಕೆ ಹೊಸದಲ್ಲ. 2001ರಲ್ಲಿ ಬೆಂಗಳೂರಿನಿಂದ ಹೊರಬಂದ ರೇವಾ ಕಾರಿನಲ್ಲೇ ಅದು ಇತ್ತು. ಆದರೆ ರೇವಾ ಪೂರ್ತಿ ವಿದ್ಯುತ್ ಕಾರು. ದೊಡ್ಡ ಸಂಖ್ಯೆಯಲ್ಲಿ ತಯಾರಾದ ಹೈಬ್ರಿಡ್‌ನ ಕಥೆ ಶುರುವಾಗುವುದು 1997ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಟೊಯೋಟಾ ಪ್ರಿಯಸ್‌ನಿಂದ.

ಆ ಪ್ರಿಯಸ್ಸೇ 2010ರಲ್ಲಿ ಪೇಚಿಗೆ ಸಿಲುಕಿತು. ತಗ್ಗುದಿಣ್ಣೆಯ ಅಥವಾ ಜಾರುವ ರಸ್ತೆಯಲ್ಲಿ ಬ್ರೇಕು ಒತ್ತಿದರೆ ಕ್ಷಣಕಾಲ ಹಿಡಿತ ಸಡಿಲಿದಂತಾಗುತ್ತದೆ ಎಂಬುದು ಚಾಲಕರ ದೂರು. ಚಕ್ರ ಜಾರಿದ್ದು ಗೊತ್ತಾದೊಡನೆ ಎಬಿಎಸ್ ಮೋಟಾರಿನ ಬ್ರೇಕನ್ನು ಬಿಡಿಸಿ ಡಿಸ್ಕಿಗೆ ಕೆಲಸ ಒಪ್ಪಿಸಬೇಕು. ಆ ನಡುವೆ ಚೂರು ಅಂತರ ಬೀಳುತ್ತಿತ್ತು. ಫೆಬ್ರವರಿಯಲ್ಲಿ ಟೊಯೋಟಾ ಜಗತ್ತಿನಾದ್ಯಂತ ಸುಮಾರು 4.37 ಲಕ್ಷ ಹೈಬ್ರಿಡ್ ಕಾರುಗಳನ್ನು ವಾಪಸು ಕರೆಸಿತು. ಪರಿಹಾರವಾಗಿ ಬದಲಾದದ್ದು ಎಬಿಎಸ್‌ನ ಸಾಫ್ಟ್‌ವೇರ್. ಪ್ರಿಯಸ್ ಭಾರತಕ್ಕೆ ಕಾಲಿಟ್ಟದ್ದೂ ಅದೇ ವರ್ಷ!

2013ರಲ್ಲಿ ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾಯಿತು. ಅದು ಸಿರಿವಂತರ ಕಾರು. 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್ ಬಂದ ಮೇಲೆ ಹೈಬ್ರಿಡ್ ಮಧ್ಯಮವರ್ಗದ ಮಾತಿಗೂ ಬಂತು.

ಬೀದರಿನ ಮುಂಗಾರಿನಲ್ಲಿ ಇಂಥ ಕಾರಿಗೆ ಇನ್ನೊಂದು ಪರೀಕ್ಷೆಯಿದೆ. ಚಿದ್ರಿಯ ಸುತ್ತ ಜಂಬಿಟ್ಟಿಗೆಯ ಕೆಂಪು ನೆಲ. ಭಾಲ್ಕಿ, ಔರಾದ್ ಕಡೆ ಎರೆಹೊಲ. ಹೊಲದಿಂದ ಎದ್ದ ಟ್ರ್ಯಾಕ್ಟರಿನ ಗಾಲಿ ಡಾಂಬರಿನ ಮೇಲೆ ಬಿಟ್ಟ ಎರೆಮಣ್ಣು ನೆಂದರೆ ಬರಿಯ ನೀರಿಗಿಂತ ಹೆಚ್ಚು ಜಾರುತ್ತದೆ. ಮೋಟಾರೇ ಹೆಚ್ಚು ಬ್ರೇಕು ಹಾಕುವುದರಿಂದ ಪ್ಯಾಡು ಬೇಗ ಸವೆಯುವುದಿಲ್ಲ, ಅದು ಲಾಭ. ಆದರೆ ಉಜ್ಜಾಟ ಕಡಿಮೆಯಾದ ಡಿಸ್ಕಿನ ಮೇಲೆ ರಾತ್ರಿಯ ಮಳೆಗೆ ತೆಳುವಾದ ಕೆಂದು ತುಕ್ಕು ಕೂರುತ್ತದೆ. ಬೆಳಿಗ್ಗೆ ಮೊದಲ ಬ್ರೇಕಿಗೆ ಗರಗರ ಸದ್ದು ಬರುತ್ತದೆ. ಒಂದೆರಡು ಸಲ ಒತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದಿದ್ದರೆ ಮೆಕ್ಯಾನಿಕ್‌ಗೆ ತೋರಿಸಬೇಕು.

ಎಷ್ಟೇ ಜಾಣ ಬ್ರೇಕಾದರೂ ರಸ್ತೆಯನ್ನು ಹಿಡಿಯಬೇಕಾದದ್ದು ಟೈರು. ಗಂಟೆಗೆ 80 ಕಿ.ಮೀ. ವೇಗದ ಕಾರು ಒಣ ಡಾಂಬರಿನಲ್ಲಿ ಬ್ರೇಕು ಹಿಡಿದ ಮೇಲೆ ಸುಮಾರು 36 ಮೀಟರಿನಲ್ಲಿ ನಿಂತರೆ, ನೆನೆದ ರಸ್ತೆಯಲ್ಲಿ 60 ಮೀಟರ್ ದಾಟಬಹುದು. ಈ ಲೆಕ್ಕ ಪೆಟ್ರೋಲ್ ಕಾರಿಗೂ ಹೈಬ್ರಿಡ್‌ಗೂ ಒಂದೇ. ಕಾರಿನ ಟೈರಿಗೆ ಕಾನೂನು ಕೇಳುವ ಕನಿಷ್ಠ ಗೀರಿನ ಆಳ 1.6 ಮಿ.ಮೀ.; ಮಳೆಗಾಲಕ್ಕೆ ಮುಂಚೆಯೇ ಅದನ್ನೊಮ್ಮೆ ಅಳೆಸಿ.